ಫ್ರೆಂಚ್ ಕ್ಲಾಸ್ ಸೇರಿದ ಮೇಲೆ ಮನೆಯಲ್ಲಿ ಓದುವುದು ಹೇಗೆ? ಹಂತ ಹಂತದ ಸಮಗ್ರ ಮಾರ್ಗದರ್ಶಿ

ಫ್ರೆಂಚ್ ಕ್ಲಾಸ್ ಸೇರಿದವರು ಎಡವುವ ಜಾಗ ಹೆಚ್ಚುಕಡಿಮೆ ಒಂದೇ. ಮೊದಲ ಮೂರ್ನಾಲ್ಕು ವಾರ ಎಲ್ಲ ಸಲೀಸು. ಹೆಸರು ಹೇಳುವುದು, ಎಣಿಸುವುದು, ಪರಿಚಯ ಮಾಡಿಕೊಳ್ಳುವುದು. ಆಮೇಲೆ ಕ್ರಿಯಾಪದಗಳ ಪಟ್ಟಿ ಉದ್ದವಾಗುತ್ತದೆ, ಭೂತಕಾಲ ಬರುತ್ತದೆ, ಯಾವುದೋ ಕಾರಣಕ್ಕೆ ಒಂದು ಕ್ಲಾಸ್ ತಪ್ಪುತ್ತದೆ. ಮುಂದಿನ ಕ್ಲಾಸಿನಲ್ಲಿ ತಲೆಬುಡ ತಿಳಿಯುವುದಿಲ್ಲ. ಪುಸ್ತಕ ಮೂಲೆ ಸೇರುತ್ತದೆ.

ನಾನೂ ಮೊದಲ ಸಲ ಹೀಗೇ ಬಿಟ್ಟಿದ್ದೆ. ಓದುತ್ತಿರಲಿಲ್ಲ ಅಂತಲ್ಲ. ಭಾನುವಾರ ಮೂರು ಗಂಟೆ ಒಂದೇ ಸಮನೆ ಕೂರುತ್ತಿದ್ದೆ. ಎಡವಟ್ಟಾಗಿದ್ದು ಕ್ರಮದಲ್ಲಿ. ಕ್ಲಾಸ್ ಆದ ದಿನ ಪುಸ್ತಕ ಮುಚ್ಚಿಡುತ್ತಿದ್ದೆ, ಕಿವಿ ಮಾಡಬೇಕಾದ ಕೆಲಸವನ್ನು ಕಣ್ಣಿಗೆ ಕೊಡುತ್ತಿದ್ದೆ. ಕೆಳಗಿನ ಹಂತಗಳನ್ನು ಕೊಟ್ಟಿರುವ ಕ್ರಮದಲ್ಲೇ ಶುರು ಮಾಡಿ. ಮೊದಲ ವಾರ 5ನೇ ಹಂತದವರೆಗೆ ಮಾಡಿದರೂ ಸಾಕು.

## ಹಂತ 1: ಸಮಯದ ಲೆಕ್ಕ ಹಾಕಿ

ಯುರೋಪಿನ ಭಾಷಾ ಮಟ್ಟಗಳು ಆರು: ಎ1, ಎ2, ಬಿ1, ಬಿ2, ಸಿ1, ಸಿ2. ಎ1 ಮುಗಿಸಲು ಕ್ಲಾಸಿನಲ್ಲಿ ಸುಮಾರು 60ರಿಂದ 100 ಗಂಟೆ, ಬಿ1 ಮುಟ್ಟಲು ಮೊದಲಿನಿಂದ ಒಟ್ಟು 350ರಿಂದ 400 ಗಂಟೆ ಬೇಕು ಅನ್ನುವುದು ಸಾಮಾನ್ಯ ಅಂದಾಜು. ಇದು ಕ್ಲಾಸಿನ ಗಂಟೆ ಮಾತ್ರ. ಮನೆಯ ಓದು ಬೇರೆ.

ಸರಳ ಲೆಕ್ಕ ಇಷ್ಟೇ: ಕ್ಲಾಸಿನ ಪ್ರತಿ ಗಂಟೆಗೆ ಹೊರಗೆ ಒಂದು ಗಂಟೆ. ವಾರಕ್ಕೆ 3 ಗಂಟೆ ಕ್ಲಾಸ್ ಇದ್ದರೆ ಮನೆಯಲ್ಲಿ 3 ಗಂಟೆ. ಅದನ್ನು ಆರು ದಿನಕ್ಕೆ ಹಂಚಿ, ದಿನಕ್ಕೆ ಅರ್ಧ ಗಂಟೆ. ಏಳನೇ ದಿನ ಸುಮ್ನೆ ಇರಿ. ಅದೂ ಯೋಜನೆಯ ಭಾಗವೇ.

ಹೊತ್ತು ಗೊತ್ತು ಮಾಡುವಾಗ ಗಡಿಯಾರ ನಂಬಬೇಡಿ. "ದಿನಾ ಏಳೂವರೆಗೆ" ಅನ್ನುವ ಯೋಜನೆ ಎರಡು ವಾರ ಬಾಳುವುದಿಲ್ಲ. "ಬೆಳಿಗ್ಗೆ ಸ್ನಾನ ಆದ ಕೂಡಲೇ", "ರಾತ್ರಿ ಊಟ ಆದ ಮೇಲೆ" ಅನ್ನುವುದು ಬಾಳುತ್ತದೆ. ದಿನಾ ತಪ್ಪದೆ ಮಾಡುವ ಕೆಲಸದ ಬಾಲಕ್ಕೆ ಓದನ್ನು ಕಟ್ಟಿ. ಎರಡು ಥರದ ಹೊತ್ತು ಹುಡುಕಿಕೊಳ್ಳಿ: ಕೂತು ಬರೆಯುವ ಹೊತ್ತು ಒಂದು, ಕೈ ಕೆಲಸದಲ್ಲಿದ್ದು ಕಿವಿ ಖಾಲಿ ಇರುವ ಹೊತ್ತು ಇನ್ನೊಂದು. ಪಾತ್ರೆ ತೊಳೆಯುವುದು, ನಡೆಯುವುದು, ಬಸ್ಸಿನಲ್ಲಿ ಕೂತಿರುವುದು, ಇವೆಲ್ಲ ಎರಡನೆಯ ಥರ.

ನಿಮ್ಮ ಪಟ್ಟಿಯಲ್ಲಿ ದಿನಕ್ಕೆ ಎರಡು ಗಂಟೆ ಅಂತ ಬರೆದಿದ್ದರೆ ಈಗಲೇ ಅರ್ಧಕ್ಕೆ ಇಳಿಸಿ. ಅದು ಉತ್ಸಾಹದಲ್ಲಿ ಬರೆದದ್ದು.

## ಹಂತ 2: ಬೇಕಾದ ಸಾಮಾನು

ಜಾಸ್ತಿ ಬೇಡ. ಎರಡು ನೋಟ್‌ಬುಕ್, ಒಂದು ಕ್ಲಾಸಿಗೆ, ಒಂದು ತಪ್ಪುಗಳಿಗೆ. ಇಯರ್‌ಫೋನ್. ಫೋನಿನಲ್ಲಿರುವ ರೆಕಾರ್ಡರ್. ಪದಗಳಿಗೆ ಕಾಗದದ ಕಾರ್ಡು (ಒಂದು ಬದಿ ಕನ್ನಡ, ಇನ್ನೊಂದು ಬದಿ ಫ್ರೆಂಚ್), ಇಲ್ಲವೇ ಆಂಕಿ ಥರದ ಒಂದು ಆ್ಯಪ್. ಉಚ್ಚಾರಣೆ ಕೇಳಿಸುವ ಒಂದು ನಿಘಂಟು. ಪಠ್ಯಪುಸ್ತಕದ ಆಡಿಯೋ ಫೈಲುಗಳು. ಈ ಕೊನೆಯದನ್ನು ಬಹಳ ಜನ ಇಳಿಸಿಕೊಳ್ಳುವುದೇ ಇಲ್ಲ. ನಿಮ್ಮ ಪಾಠಕ್ಕೆ ಅಳೆದು ಹೊಲಿದಂತಿರುವ ಆಡಿಯೋ ಅದೊಂದೇ.

ಮೊದಲ ದಿನವೇ ಫೋನಿಗೆ ಫ್ರೆಂಚ್ ಕೀಬೋರ್ಡ್ ಸೇರಿಸಿ. ಅಕ್ಷರದ ಮೇಲಿನ ಗೀಟುಗಳು ಅಲಂಕಾರಕ್ಕಲ್ಲ. 'ಓ' ಮತ್ತು 'ಯು' ಸೇರಿ ಬರೆದ ಪದಕ್ಕೆ 'ಅಥವಾ' ಅಂತ ಅರ್ಥ. ಅದೇ ಯು ಮೇಲೆ ಒಂದು ಗೀಟು ಬಂದರೆ 'ಎಲ್ಲಿ' ಅಂತ ಆಗುತ್ತದೆ. ಒಂದು ಎಚ್ಚರ: ಫ್ರೆಂಚ್ ಕೀಬೋರ್ಡಿನಲ್ಲಿ 'ಎ' ಇರುವ ಜಾಗಕ್ಕೂ 'ಕ್ಯೂ' ಇರುವ ಜಾಗಕ್ಕೂ ಅದಲುಬದಲು. ಕಿರಿಕಿರಿಯಾದರೆ ಹಳೆಯ ಜೋಡಣೆಯನ್ನೇ ಇಟ್ಟುಕೊಂಡು, ಅಕ್ಷರವನ್ನು ಒತ್ತಿ ಹಿಡಿದು ಗೀಟು ಆರಿಸಿಕೊಳ್ಳಿ.

ಪುಸ್ತಕದ ಆಚೆ ಕೇಳಲು ಟಿವಿ5ಮಾಂಡ್ ತಾಣದಲ್ಲಿ ಎ1ರಿಂದ ಬಿ2ವರೆಗೆ ಮಟ್ಟದ ಪ್ರಕಾರ ಜೋಡಿಸಿದ ಅಭ್ಯಾಸಗಳು ಉಚಿತವಾಗಿ ಸಿಗುತ್ತವೆ. ಆರ್‌ಎಫ್‌ಐ ರೇಡಿಯೋದ ಸುಲಭ ಫ್ರೆಂಚ್ ವಾರ್ತೆ ಸುಮಾರು 10 ನಿಮಿಷದ್ದು. ಹೆಸರಿಗೆ ಸುಲಭ. ಎ2 ಮುಗಿಯುವ ತನಕ ಅದರ ತಂಟೆ ಬೇಡ, ಸುಮ್ನೆ ಧೈರ್ಯ ಕುಂದುತ್ತದೆ.

ಇಲ್ಲಿ ಆಗುವ ತಪ್ಪು ಒಂದೇ: ನಾಲ್ಕು ಆ್ಯಪ್, ಮೂರು ಚಾನೆಲ್, ಎರಡು ವ್ಯಾಕರಣ ಪುಸ್ತಕ. ಕ್ಲಾಸಿನ ಪಾಠ ಒಂದು ಕಡೆ ಹೋದರೆ ಆ್ಯಪ್ ಇನ್ನೊಂದು ಕಡೆ ಎಳೆಯುತ್ತದೆ. ಕೋರ್ಸ್ ಮುಗಿಯುವವರೆಗೆ ಕ್ಲಾಸಿನ ಪುಸ್ತಕವೇ ಮುಖ್ಯ.

## ಹಂತ 3: ಕ್ಲಾಸಿಗೆ ಮುಂಚಿನ 15 ನಿಮಿಷ

ಪಾಠವನ್ನು ಮೊದಲೇ ಕಲಿತು ಹೋಗಬೇಕಿಲ್ಲ. ಕಿವಿಗೆ ಪರಿಚಯ ಆದರೆ ಸಾಕು. ಪುಸ್ತಕ ಮುಚ್ಚಿ ಆ ಪಾಠದ ಸಂಭಾಷಣೆ ಒಮ್ಮೆ ಕೇಳಿ. ಪುಸ್ತಕ ತೆರೆದು ಇನ್ನೊಮ್ಮೆ ಕೇಳಿ. ಗೊತ್ತಿಲ್ಲದ ಐದು ಪದಗಳ ಕೆಳಗೆ ಗೆರೆ ಎಳೆಯಿರಿ. ಕೇಳಬೇಕಾದ ಒಂದು ಪ್ರಶ್ನೆ ಬರೆದಿಟ್ಟುಕೊಳ್ಳಿ. ಅಷ್ಟೇ.

## ಹಂತ 4: ಕ್ಲಾಸಿನ ಒಳಗೆ

ಬೋರ್ಡಿನಲ್ಲಿರುವುದನ್ನೆಲ್ಲ ಇಳಿಸಿಕೊಳ್ಳಬೇಡಿ. ಅದು ಪುಸ್ತಕದಲ್ಲೂ ಇರುತ್ತದೆ. ಪುಸ್ತಕದಲ್ಲಿ ಸಿಗದೇ ಇರುವುದು ಟೀಚರ್ ತಿದ್ದುವ ಮಾತು. ನೀವು ಹೇಳಿದ್ದನ್ನು ತಿದ್ದಿದರೆ ಅದನ್ನು ಬರೆದುಕೊಳ್ಳಿ. ಪಕ್ಕದವರನ್ನು ತಿದ್ದಿದರೆ ಅದನ್ನೂ ಬರೆದುಕೊಳ್ಳಿ. ನಾಳೆ ಆ ತಪ್ಪು ನಿಮ್ಮದೇ.

ಈಗ ಕನ್ನಡಿಗರಿಗೆ ಮುಖ್ಯವಾದ ಮಾತು. ಉಚ್ಚಾರಣೆಯನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಳ್ಳಬೇಡಿ. ನಮ್ಮ ಲಿಪಿಯಲ್ಲಿ ಬರೆದಂತೆ ಓದಬಹುದಲ್ವಾ, ಹಾಗಾಗಿ ಕೈ ತಾನಾಗಿ ಆ ಕಡೆ ಹೋಗುತ್ತದೆ. ಆದರೆ ಫ್ರೆಂಚಿನ ಹಲವು ಸ್ವರಗಳಿಗೆ ನಮ್ಮಲ್ಲಿ ಅಕ್ಷರವೇ ಇಲ್ಲ. 'ಮೇಲೆ' ಅನ್ನುವುದಕ್ಕೆ ಒಂದು ಪದ, 'ಕೆಳಗೆ' ಅನ್ನುವುದಕ್ಕೆ ಒಂದು ಪದ. ಕನ್ನಡದಲ್ಲಿ ಬರೆದರೆ ಎರಡೂ 'ದಸು' ಆಗಿಬಿಡುತ್ತವೆ! ವ್ಯತ್ಯಾಸ ಇರುವುದು ಕೊನೆಯ ಸ್ವರದಲ್ಲಿ ಮಾತ್ರ. 'ಕೆಳಗೆ' ಪದದಲ್ಲಿರುವುದು ನಮ್ಮ 'ಉ'. 'ಮೇಲೆ' ಪದದ ಸ್ವರಕ್ಕೆ ನಾಲಿಗೆಯನ್ನು 'ಈ' ಅನ್ನುವ ಜಾಗದಲ್ಲೇ ಇಟ್ಟು, ತುಟಿಯನ್ನು ಮಾತ್ರ 'ಊ'ಗೆ ಮಾಡುವಂತೆ ದುಂಡಗೆ ಮಾಡಬೇಕು. ಕನ್ನಡಿ ಮುಂದೆ ನಿಂತು ಹತ್ತು ಸಲ ಮಾಡಿ.

ಮೂಗಿನ ಸ್ವರಗಳಲ್ಲೂ ಇದೇ ಕಥೆ. 'ಒಳ್ಳೆಯ', 'ಬೆಂಚು', 'ಸ್ನಾನ' ಎಂಬ ಅರ್ಥದ ಮೂರು ಪದಗಳು 'ಬ'ಕಾರದಿಂದಲೇ ಶುರುವಾಗಿ ಮೂರು ಬೇರೆ ಬೇರೆ ಮೂಗಿನ ಸ್ವರದಲ್ಲಿ ಮುಗಿಯುತ್ತವೆ. ಸೊನ್ನೆ ಹಾಕಿ ಬರೆದರೆ ನೀವು ಕೊನೆಯಲ್ಲಿ ನಾಲಿಗೆ ಅಥವಾ ತುಟಿ ಮುಚ್ಚುತ್ತೀರಿ. ಫ್ರೆಂಚಿನಲ್ಲಿ ಮುಚ್ಚಬಾರದು. ಈ ಬರಹದಲ್ಲಿ ನಾನೂ ಫ್ರೆಂಚ್ ಪದಗಳನ್ನು ಕನ್ನಡದಲ್ಲೇ ಬರೆಯುತ್ತಿದ್ದೇನೆ, ಗುರುತಿಗಷ್ಟೇ. ನಿಮ್ಮ ನೋಟ್‌ಬುಕ್ಕಿನಲ್ಲಿ ಅದು ನುಸುಳದಿರಲಿ. ಉಚ್ಚಾರಣೆ ಬೇಕೆಂದರೆ ಆಡಿಯೋದ ಸಂಖ್ಯೆ ಬರೆದುಕೊಂಡು ಮನೆಯಲ್ಲಿ ಕೇಳಿ.

ಪ್ರತಿ ಕ್ಲಾಸಿನಲ್ಲಿ ಕನಿಷ್ಠ ಮೂರು ಸಲ ಬಾಯಿ ತೆರೆಯಬೇಕು. ಸರಿ ಉತ್ತರಕ್ಕಾಗಿ ಕಾಯುತ್ತ ಕೂತರೆ ಸರದಿ ದಾಟಿಹೋಗುತ್ತದೆ. "ಮತ್ತೊಮ್ಮೆ ಹೇಳುತ್ತೀರಾ?", "ಇದನ್ನು ಹೇಗೆ ಬರೆಯುತ್ತಾರೆ?" ಎಂಬ ಎರಡು ಪ್ರಶ್ನೆಗಳನ್ನು ಮೊದಲ ವಾರವೇ ಫ್ರೆಂಚಿನಲ್ಲಿ ಬಾಯಿಪಾಠ ಮಾಡಿ. ಏನೂ ತೋಚದ ದಿನ ಇವೇ ಕಾಪಾಡುತ್ತವೆ.

## ಹಂತ 5: ಅದೇ ದಿನದ 20 ನಿಮಿಷ

ಒಂದೇ ಒಂದು ಹಂತ ಉಳಿಸಿಕೊಳ್ಳಿ ಅಂದರೆ ನಾನು ಇದನ್ನೇ ಉಳಿಸಿಕೊಳ್ಳುತ್ತೇನೆ. ಜರ್ಮನಿಯ ಮನಶ್ಶಾಸ್ತ್ರಜ್ಞ ಹರ್ಮನ್ ಎಬಿಂಗ್‌ಹೌಸ್ 1885ರಲ್ಲೇ ತನ್ನ ಮೇಲೇ ಪ್ರಯೋಗ ಮಾಡಿ ತೋರಿಸಿದ: ಮರೆವು ಮೊದಲ ಕೆಲವು ಗಂಟೆಗಳಲ್ಲೇ ಅತಿ ವೇಗ, ಆಮೇಲೆ ನಿಧಾನ. ಭಾನುವಾರಕ್ಕೆಂದು ಇಟ್ಟ ಪಾಠ ಭಾನುವಾರ ಬರುವಷ್ಟರಲ್ಲಿ ಪಾಠವಾಗಿ ಉಳಿದಿರುವುದಿಲ್ಲ. ಅದನ್ನು ಮತ್ತೆ ಮೊದಲಿನಿಂದ ಕಲಿಯಬೇಕು.

1. ಪುಸ್ತಕ, ನೋಟ್ಸ್ ಎರಡನ್ನೂ ಮುಚ್ಚಿ. ಖಾಲಿ ಹಾಳೆಯ ಮೇಲೆ ಕ್ಲಾಸಿನಲ್ಲಿ ಆದದ್ದನ್ನೆಲ್ಲ ನೆನಪಿನಿಂದ ಬರೆಯಿರಿ. 5 ನಿಮಿಷ. ಪದ, ವಾಕ್ಯ, ಅರ್ಧ ನಿಯಮ, ಏನು ಬಂದರೂ ಸರಿ.
2. ಈಗ ನೋಟ್ಸ್ ತೆರೆದು, ಬಿಟ್ಟುಹೋದದ್ದನ್ನು ಬೇರೆ ಬಣ್ಣದ ಪೆನ್ನಿನಲ್ಲಿ ತುಂಬಿ. ಆ ಬಣ್ಣ ಇರುವ ಕಡೆಯೇ ನಿಮ್ಮ ಓದು ಬೇಕಾಗಿರುವುದು.
3. ಅದರಿಂದ ಎಂಟು ಹತ್ತು ಕಾರ್ಡು ಮಾಡಿ. ಅದಕ್ಕಿಂತ ಹೆಚ್ಚು ಬೇಡ.
4. ಹೊಸ ನಿಯಮ ಬಳಸಿ ನಿಮ್ಮ ಬಗ್ಗೆಯೇ ಮೂರು ವಾಕ್ಯ ಜೋರಾಗಿ ಹೇಳಿ, ರೆಕಾರ್ಡ್ ಮಾಡಿ.

ಮೊದಲನೆಯದು ಹಿಂಸೆ ಅನ್ನಿಸುತ್ತದೆ. ಏನೂ ನೆನಪಾಗದೆ ಹಾಳೆ ದಿಟ್ಟಿಸುತ್ತ ಕೂರುವ ಆ ಎರಡು ನಿಮಿಷದಲ್ಲೇ ಕೆಲಸ ನಡೆಯುವುದು. ಬಹಳ ಜನ ಇದನ್ನು ತಪ್ಪಿಸಿಕೊಳ್ಳಲು ನೋಟ್ಸನ್ನು ಅಂದವಾಗಿ ಮತ್ತೆ ಬರೆಯುತ್ತಾರೆ, ನಾಲ್ಕು ಬಣ್ಣದ ಗೆರೆ ಎಳೆಯುತ್ತಾರೆ. ನೋಡಲು ಚೆಂದ. ತಲೆಗೆ ಏನೂ ಇಳಿದಿರುವುದಿಲ್ಲ.

## ಹಂತ 6: ದಿನದ ಅರ್ಧ ಗಂಟೆ

ಕ್ಲಾಸ್ ಇಲ್ಲದ ದಿನಗಳಿಗೆ ಇದು. ಮೊದಲು ಹಳೆಯ ಕಾರ್ಡುಗಳು, 5 ನಿಮಿಷ. ಆಮೇಲೆ ಕೇಳಿ ಹೇಳುವುದು, 10 ನಿಮಿಷ. ಆಮೇಲೆ ಬರೆಯುವುದು, 10 ನಿಮಿಷ. ಕೊನೆಗೆ ಓದಿ ರೆಕಾರ್ಡ್ ಮಾಡುವುದು, 5 ನಿಮಿಷ.

ಕೇಳುವುದು ಬರೆಯುವುದಕ್ಕಿಂತ ಮುಂಚೆ ಯಾಕೆ? 'ಮಾತಾಡು' ಅನ್ನುವ ಕ್ರಿಯಾಪದ ನೋಡಿ. ವರ್ತಮಾನಕಾಲದಲ್ಲಿ ಆರು ರೂಪ, ಬರೆಯುವಾಗ ಐದು ಬಗೆ, ಕೇಳುವಾಗ ಬರೀ ಮೂರು. ನಾನು, ನೀನು, ಅವನು, ಅವರು, ನಾಲ್ಕಕ್ಕೂ ಕಿವಿಗೆ ಬೀಳುವುದು ಒಂದೇ 'ಪಾರ್ಲ್'. 'ಅವರು' ರೂಪದ ಕೊನೆಯ 'ಇ-ಎನ್-ಟಿ' ಮೂರೂ ಅಕ್ಷರ ಮೌನ. ಕಣ್ಣಿನಿಂದ ಮೊದಲು ಕಲಿತವರು ಆ ಮೂರು ಅಕ್ಷರವನ್ನು ಉಚ್ಚರಿಸಿಯೇ ತೀರುತ್ತಾರೆ, ಬಿಡಿಸಲು ತಿಂಗಳುಗಳು ಬೇಕು. ಪದಗಳು ಅಂಟಿಕೊಳ್ಳುವುದು ಇನ್ನೊಂದು ತೊಡಕು. 'ಲೆ' ಮತ್ತು 'ಅಮಿ' ಸೇರಿ 'ಲೆಝಾಮಿ', ಅಂದರೆ 'ಗೆಳೆಯರು'. ಸಂಧಿ ಗೊತ್ತಿರುವ ನಮಗೆ ಇದು ವಿಚಿತ್ರ ಅಲ್ಲ. ಆದರೆ ಬರಹದಲ್ಲಿ ಆ ಸಂಧಿ ಕಾಣುವುದಿಲ್ಲ, ಕೇಳಿಯೇ ಹಿಡಿಯಬೇಕು.

ಕೇಳುವ 10 ನಿಮಿಷ ಹೀಗಿರಲಿ: ಅರ್ಧ ನಿಮಿಷದ ಒಂದು ತುಣುಕು ಆರಿಸಿ. ಒಂದು ವಾಕ್ಯ ಕೇಳಿ, ನಿಲ್ಲಿಸಿ, ಅದೇ ರಾಗದಲ್ಲಿ ಹೇಳಿ. ನಾಲ್ಕೈದು ಸಲ ಆದ ಮೇಲೆ ಆಡಿಯೋ ಜೊತೆಗೇ ಹೇಳಿ. ವಾರಕ್ಕೆ ಎರಡು ದಿನ ಇದರ ಬದಲು ಉಕ್ತಲೇಖನ ಮಾಡಿ: ಕೇಳಿ ಬರೆಯಿರಿ, ಪುಸ್ತಕ ನೋಡಿ ತಿದ್ದಿ. ನಿಮ್ಮ ಕಿವಿ ಎಲ್ಲಿ ಸೋಲುತ್ತಿದೆ ಅನ್ನುವುದು ಇಷ್ಟು ನಿಖರವಾಗಿ ಬೇರೆಲ್ಲೂ ಕಾಣದು.

ಬರೆಯುವಾಗ ವಾಕ್ಯವನ್ನು ಇಂಗ್ಲಿಷಿನಲ್ಲಿ ಯೋಚಿಸಿ ತಿರುಗಿಸಬೇಡಿ. ವಯಸ್ಸು ಹೇಳುವಾಗ ಫ್ರೆಂಚಿನವರು 'ನನ್ನ ಹತ್ತಿರ 20 ವರ್ಷ ಇದೆ' ಅನ್ನುತ್ತಾರೆ. ನಮ್ಮ 'ನನಗೆ 20 ವರ್ಷ' ಅದಕ್ಕೆ ಹತ್ತಿರ, ಇಂಗ್ಲಿಷ್ ದೂರ. 'ನಾನು ಅದನ್ನು ನೋಡುತ್ತೇನೆ' ಅನ್ನುವಲ್ಲಿ 'ಅದನ್ನು' ಕ್ರಿಯಾಪದಕ್ಕೆ ಮುಂಚೆಯೇ ಬರುತ್ತದೆ, ಥೇಟ್ ಕನ್ನಡದ ಥರ: 'ಜ ಲ ವ್ವಾ'. ಇಂಗ್ಲಿಷ್ ದಾರಿ ಹಿಡಿದವರೇ ಇಲ್ಲಿ ಎಡವುತ್ತಾರೆ. ಪದಗಳಲ್ಲೂ ಹೀಗೆ ಮೋಸ ಹೋಗಬಹುದು. 'ಲಿಬ್ರೆರಿ' ಅಂದರೆ ಪುಸ್ತಕದ ಅಂಗಡಿ, ಗ್ರಂಥಾಲಯ ಅಲ್ಲ. ಪರೀಕ್ಷೆಯ ಜೊತೆ 'ಪಾಸೆ' ಅನ್ನುವ ಕ್ರಿಯಾಪದ ಬಂದರೆ ಪರೀಕ್ಷೆಗೆ ಕೂರುವುದು ಅಂತ ಅರ್ಥ, ಪಾಸಾಗುವುದು ಅಲ್ಲ!

## ಹಂತ 7: ಪದಗಳನ್ನು ಲಿಂಗದ ಜೊತೆಗೇ ಇಟ್ಟುಕೊಳ್ಳಿ

ಕನ್ನಡದಲ್ಲಿ ಮೇಜು, ಪುಸ್ತಕ ಎರಡೂ 'ಅದು'. ಫ್ರೆಂಚಿನಲ್ಲಿ ಮೇಜು ಸ್ತ್ರೀಲಿಂಗ, ಪುಸ್ತಕ ಪುಲ್ಲಿಂಗ. ಕಾರಣ ಹುಡುಕಬೇಡಿ. ಪದದ ಮುಂದೆ ಬರುವ ಪುಟ್ಟ ಪದವನ್ನು ಸೇರಿಸಿಯೇ ಕಾರ್ಡಿನಲ್ಲಿ ಬರೆಯಿರಿ. ಇಲ್ಲಿ ಒಂದು ಗುಟ್ಟು: 'ಲ', 'ಲಾ' ಬದಲು ಪುಲ್ಲಿಂಗಕ್ಕೆ 'ಅಂ', ಸ್ತ್ರೀಲಿಂಗಕ್ಕೆ 'ಯೂನ್' ಬರೆಯಿರಿ. ಸ್ವರದಿಂದ ಶುರುವಾಗುವ ಪದದ ಮುಂದೆ 'ಲ', 'ಲಾ' ಎರಡೂ ಕುಗ್ಗಿ ಒಂದೇ ಆಗುತ್ತವೆ, ಲಿಂಗ ಮರೆಯಾಗುತ್ತದೆ. 'ಲೆಕೋಲ್' ಅಂತ ಬರೆದುಕೊಂಡರೆ ಶಾಲೆ ಯಾವ ಲಿಂಗ ಅಂತ ಗೊತ್ತಾಗದು. 'ಯೂನ್ ಎಕೋಲ್' ಅಂದರೆ ಗೊತ್ತಾಯಿತು.

ಪದದ ಬಾಲವೂ ಸುಳಿವು ಕೊಡುತ್ತದೆ. 'ಸಿಯೋಂ' ಎಂದು ಕೇಳಿಸುವ 'ಟಿ-ಐ-ಒ-ಎನ್' ಬಾಲದವು ಸ್ತ್ರೀಲಿಂಗ. 'ಆಜ್' ಎಂದು ಮುಗಿಯುವವು ಹೆಚ್ಚಾಗಿ ಪುಲ್ಲಿಂಗ, ಆದರೆ ಪುಟ, ಚಿತ್ರ, ಸಮುದ್ರತೀರ ಎಂಬ ಅರ್ಥದವು ಹೊರತು. ಹೊರತಾದವಕ್ಕೆ ಬೇರೆ ಬಣ್ಣದ ಕಾರ್ಡು ಮಾಡಿ.

ಕಾರ್ಡುಗಳಿಗೆ ಮೂರು ಡಬ್ಬಿ ಸಾಕು. ಮೊದಲನೆಯದನ್ನು ದಿನಾ, ಎರಡನೆಯದನ್ನು ಮೂರು ದಿನಕ್ಕೊಮ್ಮೆ, ಮೂರನೆಯದನ್ನು ವಾರಕ್ಕೊಮ್ಮೆ ನೋಡಿ. ಸರಿಯಾದರೆ ಮುಂದಿನ ಡಬ್ಬಿಗೆ, ತಪ್ಪಿದರೆ ಮತ್ತೆ ಮೊದಲನೆಯದಕ್ಕೆ. ಕಾರ್ಡನ್ನು ಕನ್ನಡದಿಂದ ಫ್ರೆಂಚಿಗೆ ಕೇಳಿಕೊಳ್ಳಿ. ಫ್ರೆಂಚ್ ನೋಡಿ ಅರ್ಥ ಹೇಳುವುದು ಸುಲಭ, ಮಾತಾಡಲು ಅದು ನೆರವಿಗೆ ಬಾರದು.

ಸಂಖ್ಯೆಗಳಿಗೆ ಕಾರ್ಡು ಬೇಡ, ಬಾಯಿ ಬೇಕು. 70 ಅಂದರೆ 'ಅರವತ್ತು-ಹತ್ತು', 80 ಅಂದರೆ 'ನಾಲ್ಕು-ಇಪ್ಪತ್ತು', 97 ಅಂದರೆ 'ನಾಲ್ಕು-ಇಪ್ಪತ್ತು-ಹದಿನೇಳು'. ಫ್ರಾನ್ಸಿನವರು ಫೋನ್ ನಂಬರನ್ನು ಎರಡೆರಡು ಅಂಕಿಯಾಗಿ ಹೇಳುತ್ತಾರೆ. ಗೊತ್ತಿರುವ ನಂಬರುಗಳನ್ನು ಹಾಗೆ ಹೇಳುತ್ತ ನಡೆಯಿರಿ.

## ಹಂತ 8: ಕ್ರಿಯಾಪದ, ದಿನಕ್ಕೊಂದು

ಕೋಷ್ಟಕವನ್ನು ಮಗ್ಗಿಯಂತೆ ಉರು ಹೊಡೆದರೆ 'ಅವರು' ರೂಪ ಬೇಕಾದಾಗಲೆಲ್ಲ 'ನಾನು'ವಿನಿಂದ ಎಣಿಸಿಕೊಂಡು ಬರಬೇಕಾಗುತ್ತದೆ. ಆರು ಚೀಟಿಯ ಮೇಲೆ ಆರು ಸರ್ವನಾಮ ಬರೆದು ಕಲೆಸಿ, ಬಂದದ್ದಕ್ಕೆ ವಾಕ್ಯ ಹೇಳಿ. ಮೊದಲು ಎತ್ರ್, ಅವ್ವಾರ್, ಅಲೆ, ಫೇರ್. ಅಂದರೆ ಇರು, ಹೊಂದಿರು, ಹೋಗು, ಮಾಡು. ಈ ನಾಲ್ಕು ನಿದ್ದೆಯಲ್ಲೂ ಬರುವ ತನಕ ಭೂತಕಾಲಕ್ಕೆ ಕೈ ಹಾಕಬೇಡಿ. ಭೂತಕಾಲ ನಿಂತಿರುವುದೇ ಮೊದಲ ಎರಡರ ಮೇಲೆ. ಹೆಚ್ಚಿನ ಕ್ರಿಯಾಪದಗಳಿಗೆ ಅವ್ವಾರ್ ಜೊತೆ. ಹೋಗು, ಬಾ, ಹುಟ್ಟು, ಸಾಯಿ ಥರದ ಹದಿನೈದು ಚಿಲ್ಲರೆಗೆ ಎತ್ರ್ ಜೊತೆ. ಕ್ಲಾಸ್ ಬಿಡುವವರು ಹೆಚ್ಚಾಗಿ ಬಿಡುವುದು ಇಲ್ಲೇ, ಭೂತಕಾಲ ಕಷ್ಟ ಅಂತ ಹೇಳಿ. ನೋಡಿದರೆ ವರ್ತಮಾನದ ಎರಡು ಕ್ರಿಯಾಪದ ಗಟ್ಟಿ ಇರುವುದಿಲ್ಲ.

## ಹಂತ 9: ವಾರಕ್ಕೊಮ್ಮೆ ತಪ್ಪಿನ ಪುಸ್ತಕ

ಎರಡನೆಯ ನೋಟ್‌ಬುಕ್ಕಿಗೆ ಕೆಲಸ ಬಂತು. ಪುಟವನ್ನು ಮೂರು ಭಾಗ ಮಾಡಿ: ನಾನು ಬರೆದದ್ದು, ಸರಿಯಾದದ್ದು, ಯಾಕೆ. ಮೂರನೆಯ ಭಾಗ ಖಾಲಿ ಉಳಿದರೆ ಅದೇ ಮುಂದಿನ ಕ್ಲಾಸಿನ ಪ್ರಶ್ನೆ. ಅದೇ ತಪ್ಪು ಮತ್ತೆ ಆದರೆ ಹೊಸದಾಗಿ ಬರೆಯದೆ, ಹಳೆಯದರ ಮುಂದೆ ಒಂದು ಚುಕ್ಕಿ ಇಡಿ. ನಾಲ್ಕು ಚುಕ್ಕಿ ಬಿದ್ದ ತಪ್ಪಿಗೆ ಆ ವಾರ ಒಂದು ದಿನ ಪೂರ್ತಿ ಕೊಡಿ. ಹೊಸ ಪಾಠ ಆ ದಿನ ಬೇಡ.

ವಾರದ ರೆಕಾರ್ಡಿಂಗುಗಳನ್ನೂ ಅವತ್ತೇ ಕೇಳಿ. ಸ್ವಂತ ದನಿ ಕೇಳಲು ಯಾರಿಗೂ ಇಷ್ಟವಿಲ್ಲ. ಕೇಳಿ.

## ಹಳಿ ತಪ್ಪುತ್ತಿರುವ ಗುರುತುಗಳು

ಹೋಂವರ್ಕ್ ಮುಗಿಯುತ್ತಿದೆ, ಆದರೆ ಪುಸ್ತಕ ಮುಚ್ಚಿದರೆ ಒಂದು ವಾಕ್ಯ ಬರುತ್ತಿಲ್ಲ ಅಂದರೆ ನೀವು ಬರೀ ನಕಲು ಮಾಡುತ್ತಿದ್ದೀರಿ. 5ನೇ ಹಂತಕ್ಕೆ ಮರಳಿ.

ಓದಿದರೆ ಅರ್ಥವಾಗುತ್ತದೆ, ಕೇಳಿದರೆ ಆಗುವುದಿಲ್ಲ ಅಂದರೆ ಎರಡು ವಾರ ಬರೆಯುವ ಹತ್ತು ನಿಮಿಷವನ್ನೂ ಕೇಳುವುದಕ್ಕೆ ಕೊಡಿ.

ದಿನಕ್ಕೆ ನೋಡಬೇಕಾದ ಕಾರ್ಡು ನೂರು ದಾಟಿದೆಯೇ? ಹೊಸ ಕಾರ್ಡು ನಿಲ್ಲಿಸಿ, ಹಳೆಯದು ಕರಗಲಿ. ಅನುವಾದ ಆ್ಯಪ್‌ಗೆ ಹೋಂವರ್ಕ್ ಕೊಡಲು ಮನಸ್ಸು ಎಳೆಯುತ್ತಿದ್ದರೆ ಅದು ಸೋಮಾರಿತನ ಅಲ್ಲದೇ ಇರಬಹುದು. ಪಾಠ ನಿಮಗಿಂತ ಎರಡು ಹೆಜ್ಜೆ ಮುಂದೆ ಹೋಗಿದೆ. ಟೀಚರ್‌ಗೆ ಹೇಳಿ.

## ಹಂತ 10: ದಿನಗಳು ತಪ್ಪಿದಾಗ

ತಪ್ಪುತ್ತವೆ. ಒಂದು ದಿನ ತಪ್ಪಿದರೆ ಮರುದಿನ ಎರಡು ಪಟ್ಟು ಓದಬೇಡಿ, ಎಂದಿನ ಅರ್ಧ ಗಂಟೆಯೇ ಸಾಕು. ತೀರಾ ಆಗದ ದಿನಕ್ಕೆ ಒಂದು ಪುಟ್ಟ ಯೋಜನೆ ಇರಲಿ: ಐದು ಕಾರ್ಡು, ಒಂದು ಆಡಿಯೋ. ಮೂರು ನಿಮಿಷ.

ಒಂದು ಕ್ಲಾಸ್ ತಪ್ಪಿದರೆ ಮುಂದಿನ ಕ್ಲಾಸಿಗೆ ಮುಂಚೆಯೇ ಸಹಪಾಠಿಯಿಂದ ಪುಟ ಸಂಖ್ಯೆ ತೆಗೆದುಕೊಂಡು ಆ ಸಂಭಾಷಣೆಯನ್ನಾದರೂ ಕೇಳಿಕೊಂಡು ಹೋಗಿ. ನೋಟ್ಸ್ ಪೂರ್ತಿ ಆದ ಮೇಲೆ ಹೋಗುತ್ತೇನೆ ಅಂತ ಎರಡನೆಯ ಕ್ಲಾಸನ್ನೂ ಬಿಟ್ಟವರು ಮೂರನೆಯದಕ್ಕೆ ಬರುವುದು ಅಪರೂಪ.

## ಹಂತ 11: ಪರೀಕ್ಷೆ ಬರೆಯುವುದಿದ್ದರೆ

ಫ್ರೆಂಚ್ ಮಟ್ಟಕ್ಕೆ ಪ್ರಮಾಣಪತ್ರ ಕೊಡುವ ಪರೀಕ್ಷೆಗಳು ಎರಡು: ಡೆಲ್ಫ್ ಎ1ರಿಂದ ಬಿ2ವರೆಗೆ, ಡಾಲ್ಫ್ ಸಿ1 ಮತ್ತು ಸಿ2ಗೆ. ಇವುಗಳ ಪ್ರಮಾಣಪತ್ರಕ್ಕೆ ಅವಧಿ ಇಲ್ಲ. ಸದ್ಯದ ಮಟ್ಟ ಅಳೆಯುವ ಟಿಸಿಎಫ್, ಟಿಇಎಫ್ ಎಂಬ ಪರೀಕ್ಷೆಗಳ ಫಲಿತಾಂಶ ಎರಡು ವರ್ಷಕ್ಕೆ ಮಾತ್ರ. ಹಾಗಾಗಿ ಈ ಎರಡನ್ನು ಅರ್ಜಿ ಹಾಕುವ ಹೊತ್ತು ನೋಡಿಕೊಂಡು ಬರೆಯಿರಿ.

ಡೆಲ್ಫ್‌ನಲ್ಲಿ ನಾಲ್ಕು ಭಾಗ: ಕೇಳುವುದು, ಓದುವುದು, ಬರೆಯುವುದು, ಮಾತಾಡುವುದು. ಒಂದೊಂದಕ್ಕೆ 25 ಅಂಕ. ಪಾಸಾಗಲು 100ಕ್ಕೆ 50 ಬೇಕು, ಜೊತೆಗೆ ಪ್ರತಿ ಭಾಗದಲ್ಲೂ ಕನಿಷ್ಠ 5. ಅಂದರೆ ಮೂರರಲ್ಲಿ ಭರ್ಜರಿ ಅಂಕ ಬಂದು ಒಂದರಲ್ಲಿ 4 ಬಂದರೂ ಫೇಲ್. ಕೊನೆಯ ಆರು ವಾರದಲ್ಲಿ ಮೊದಲು ಒಂದು ಹಳೆಯ ಮಾದರಿ ಪ್ರಶ್ನೆಪತ್ರಿಕೆಯನ್ನು ಸಮಯ ಇಟ್ಟುಕೊಂಡು ಮಾಡಿ, ಯಾವ ಭಾಗ ಬಡವಾಗಿದೆ ನೋಡಿ. ದಿನದ ಅರ್ಧ ಗಂಟೆಯಲ್ಲಿ 15 ನಿಮಿಷ ಆ ಭಾಗಕ್ಕೆ. ಮಾತಾಡುವ ಭಾಗವನ್ನು ಕೊನೆಗೆ ತಳ್ಳಬೇಡಿ, ಒಂದು ವಾರದಲ್ಲಿ ಅದು ಸುಧಾರಿಸುವುದಿಲ್ಲ.

## ಹಂತ 12: ಒಂದು ಮಟ್ಟ ಮುಗಿದು ಇನ್ನೊಂದು ಶುರುವಾಗುವ ತನಕ

ನಡುವೆ ನಾಲ್ಕೈದು ವಾರ ಬಿಡುವು ಬರುತ್ತದೆ. ಆಗ ಹೊಸ ವ್ಯಾಕರಣ ಮುಟ್ಟಬೇಡಿ. ದಿನಕ್ಕೆ 10 ನಿಮಿಷ ಸಾಕು: ಮೂರನೆಯ ಡಬ್ಬಿಯ ಕಾರ್ಡುಗಳು, ಮುಗಿಸಿದ ಪುಸ್ತಕದ ಒಂದು ಹಳೆಯ ಸಂಭಾಷಣೆ. ಮೊದಲ ಪಾಠದ ಆಡಿಯೋದಿಂದಲೇ ಶುರು ಮಾಡಿ, ಪುಸ್ತಕ ಮುಚ್ಚಿಟ್ಟು. ಹೊಸ ಮಟ್ಟದ ಕ್ಲಾಸ್ ಶುರುವಾಗುವ ಹಿಂದಿನ ವಾರ ತಪ್ಪಿನ ಪುಸ್ತಕ ತೆರೆದು, ಚುಕ್ಕಿ ಜಾಸ್ತಿ ಬಿದ್ದ ಹತ್ತು ಸಾಲುಗಳನ್ನು ಹೊಸ ನೋಟ್‌ಬುಕ್ಕಿನ ಮೊದಲ ಪುಟಕ್ಕೆ ಇಳಿಸಿಕೊಳ್ಳಿ.